ಸಿಗಾರಿನ ರುಚಿಪರೀಕ್ಷೆಯೂ ತಂಬಾಕಿನ ಎಲೆಯ ಗುಣದೋಷಗಳೂ

ಹಿಡುವಳಿದಾರರಿಗೂ ಗ್ರಾಮದ ಗೌಡರಿಗೂ ತಿಳಿವಳಿಕೆ

ಕುಂದಗೋಳ ತಾಲೂಕಿನ ಹಿಡುವಳಿದಾರರೊಬ್ಬರು ಕಳೆದ ಹಿಂಗಾರಿಯಲ್ಲಿ ನಮ್ಮ ಕಚೇರಿಗೆ ಬಂದು ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆಯನ್ನಿರಿಸಿದರು. ಅದರಲ್ಲಿ ಹತ್ತು ಸಿಗಾರುಗಳಿದ್ದವು. ಪರದೇಶದಲ್ಲಿರುವ ಅವರ ಅಳಿಯಂದಿರು ತಂದುಕೊಟ್ಟವು. ಒಂದೊಂದರ ಬೆಲೆಯನ್ನು ಕೇಳಿ ಮನೆಯವರೆಲ್ಲ ಬೆರಗಾದರಂತೆ. ಒಂದು ಚುಟ್ಟಾಕ್ಕೆ ಇಷ್ಟು ರೊಕ್ಕ ಬರುವದಾದರೆ ಮೆಣಸಿನಕಾಯಿಯನ್ನು ಬಿಟ್ಟು ನಾಲ್ಕು ಎಕರೆ ಎರೆಯಲ್ಲಿ ಈ ತಂಬಾಕನ್ನೇ ಯಾಕೆ ಹಾಕಬಾರದೆಂಬುದು ಅವರ ಪ್ರಶ್ನೆ. ಬೀಜವನ್ನು ತರಿಸಿಕೊಡುವೆನೆಂದೂ ಬಂದ ಎಲೆಯನ್ನೆಲ್ಲ ತಾನೇ ಕೊಳ್ಳುವೆನೆಂದೂ ಹೇಳಿ ಒಬ್ಬ ದಲಾಲಿಯು ಮುಂಗಡ ಕೇಳಿದ್ದಾನೆಂಬುದನ್ನು ಅವರು ಹೊರಡುವಾಗ ಮೆಲ್ಲಗೆ ತಿಳಿಸಿದರು. ಇದೇ ಪ್ರಶ್ನೆಯನ್ನು ಅಣ್ಣಿಗೇರಿಯ ಕಡೆಯಿಂದಲೂ ಇಬ್ಬರು ಕೇಳಿರುವದರಿಂದ ಈ ಪತ್ರಿಕೆಯನ್ನು ಬರೆಯಬೇಕಾಯಿತು.

ನಾನು ಒಡನೆಯೇ ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳಲಿಲ್ಲ. ಯಾವ ಮಾಲನ್ನಾದರೂ ಬೆಳೆಯುವ ಮುಂಚೆ, ಕೊಳ್ಳುವವನು ಅದರ ಯಾವ ಗುಣಕ್ಕೆ ಹಣ ಕೊಡುತ್ತಾನೆಂಬುದನ್ನು ಅರಿತಿರತಕ್ಕದ್ದು. ಬ್ಯಾಡಗಿಯ ಪೇಟೆಗೆ ಚೀಲ ಒಯ್ಯುವ ಒಕ್ಕಲಿಗನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಖರೀದಿದಾರನು ಕಾಯಿಯನ್ನು ಮುರಿದು ಮೂಸುವದನ್ನೂ, ಅಂಗೈಯಲ್ಲಿ ತಿಕ್ಕಿ ಬಣ್ಣ ನೋಡುವದನ್ನೂ ಅವನು ಹುಡುಗತನದಿಂದ ಕಂಡಿದ್ದಾನೆ. ಸಿಗಾರಿನ ಬೆಲೆಯನ್ನು ಕಟ್ಟುವದು ಸೇದುವವನ ನಾಲಿಗೆ ಮತ್ತು ಮೂಗು. ಆ ನಾಲಿಗೆಯು ಏನನ್ನು ಹುಡುಕುತ್ತದೆಂಬುದನ್ನು ತಿಳಿಯದೆ ಸಸಿ ಹಚ್ಚುವದೆಂದರೆ ಕಣ್ಣು ಕಟ್ಟಿಕೊಂಡು ಬಿತ್ತಿದಂತೆ. ಆದಕಾರಣ ಪೆಟ್ಟಿಗೆಯಿಂದ ಎರಡು ಸಿಗಾರುಗಳನ್ನು ಕೇಳಿ ಪಡೆದು, ಹುಬ್ಬಳ್ಳಿಯಲ್ಲಿ ಕೊಂಡ ಒಂದು ಅಗ್ಗದ ಚುಟ್ಟಾವನ್ನೂ ಕೂಡಿಸಿಕೊಂಡು, ಒಂದು ಭಾನುವಾರ ಮಧ್ಯಾಹ್ನ ಅವರ ಹೊಲದ ಮನೆಯ ಅಂಗಳದಲ್ಲಿ ಪರೀಕ್ಷೆಗೆ ಕುಳಿತೆವು. ಕಚೇರಿಯಲ್ಲಿ ಹೊಗೆ ಸೇದುವದು 2003ರ ಕಾಯದೆಯಂತೆ ಅಪರಾಧವು. ಗೌಡರು ಚಾವಡಿಯಲ್ಲಿಯೂ ಇದನ್ನು ನೆನಪಿನಲ್ಲಿಡಬೇಕು.

ತಂಬಾಕು ನಮ್ಮ ಸೀಮೆಗೆ ಹೊಸದಲ್ಲ. ಪೋರ್ತುಗೀಜರು ಪಶ್ಚಿಮದ ಬಂದರುಗಳಿಗೆ ತಂದ ಈ ಗಿಡವು ಬೇಗನೆ ವಿಜಾಪುರದ ಆದಿಲಶಾಹಿಯ ದರಬಾರವನ್ನು ಮುಟ್ಟಿತು. ಅಕ್ಬರ ಬಾದಶಹನ ವಕೀಲನಾಗಿ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು 1604-05ರ ಸುಮಾರಿಗೆ ಇಲ್ಲಿಂದಲೇ ತಂಬಾಕನ್ನೂ ರತ್ನಖಚಿತವಾದ ಕೊಳವೆಯನ್ನೂ ಒಯ್ದು ಬಾದಶಹನಿಗೆ ಒಪ್ಪಿಸಿದನು. ಉತ್ತರ ಹಿಂದುಸ್ಥಾನದ ದರಬಾರಿಗೆ ಈ ಚಟವನ್ನು ಕಲಿಸಿದ ಕೀರ್ತಿಯೋ ಅಪಕೀರ್ತಿಯೋ, ಅದರಲ್ಲಿ ನಮ್ಮ ನಾಡಿನದೊಂದು ಪಾಲುಂಟು.

ಮೊದಲು ಒಂದು ಸಿಗಾರನ್ನು ಚೂರಿಯಿಂದ ಉದ್ದಕ್ಕೆ ಸೀಳಿದೆನು. ಮನೆಯ ಯಜಮಾನರಿಗೆ ಸಂಕಟವಾದದ್ದು ಮುಖದಲ್ಲಿ ಕಾಣುತ್ತಿತ್ತು. ಆದರೆ ಸೀಳದೆ ಈ ಪಾಠವನ್ನು ಹೇಳುವಂತಿಲ್ಲ. ಕೈಯಿಂದ ಸುತ್ತಿದ ಒಳ್ಳೇ ಸಿಗಾರಿನಲ್ಲಿ ಮೂರು ಬಗೆಯ ಎಲೆಗಳಿರುತ್ತವೆ. ಎಲ್ಲಕ್ಕೂ ಹೊರಗಿನದು ಹೊದಿಕೆಯ ಎಲೆ. ಇದು ತೆಳ್ಳಗೆ, ರೇಶಿಮೆಯಂತೆ ಎಳೆದರೆ ಹಿಗ್ಗುವಂಥದು, ತೂತಾಗಲಿ ಕಲೆಯಾಗಲಿ ಇಲ್ಲದ್ದು, ನರಗಳು ಸಣ್ಣವು. ಅದರ ಕೆಳಗೆ ಕಟ್ಟಿನ ಎಲೆ; ಒಳಗಿನದನ್ನೆಲ್ಲ ಹಿಡಿದಿಡುವದೇ ಇದರ ಕೆಲಸವಾದ್ದರಿಂದ ಚೆಲುವಿಗಿಂತ ಬಲವು ಮುಖ್ಯ. ಎಲ್ಲಕ್ಕೂ ಒಳಗೆ ಹೂರಣ. ಹೋಳಿಗೆಯ ಗುಣವು ಹೂರಣದಲ್ಲಿದ್ದರೂ ಕಣ್ಣಿಗೆ ಬೀಳುವದು ಮೇಲಿನ ಕಣಕವಲ್ಲವೆ, ಇದೂ ಹಾಗೆಯೇ. ಹೂರಣದ ಎಲೆಯನ್ನು ಕ್ಯೂಬಾ, ನಿಕಾರಾಗ್ವಾ ಮುಂತಾದ ದೇಶಗಳಲ್ಲಿ ಗಿಡದ ಮೇಲಿನ ಅದರ ಸ್ಥಾನವನ್ನನುಸರಿಸಿ ವಿಂಗಡಿಸುತ್ತಾರೆ. ಬುಡದ ಎಲೆಯು ಸಪ್ಪೆಯಾದರೂ ಚೆನ್ನಾಗಿ ಉರಿಯುವದು. ಅದನ್ನು ವೊಲಾಡೊ ಎನ್ನುವರು. ನಡುವಿನದು ಸೆಕೊ, ಪರಿಮಳವು ಅದರದು. ಬಿಸಿಲನ್ನು ಹೆಚ್ಚು ಕುಡಿದ ತುದಿಯ ಎಲೆಯು ಲಿಗೆರೊ. ದಪ್ಪ, ಎಣ್ಣೆಯುಳ್ಳದ್ದು, ತೀಕ್ಷ್ಣವಾದದ್ದು, ನಿಧಾನವಾಗಿ ಉರಿಯುವಂಥದು. ಈ ಕಾರಣದಿಂದ ಸುತ್ತುವವನು ಲಿಗೆರೊವನ್ನು ನಟ್ಟನಡುವೆ ಇಡುತ್ತಾನೆ. ಒಂದೇ ಗಿಡದ ಮೂರು ಎತ್ತರದ ಎಲೆಗಳನ್ನು ಬೇರೆ ಬೇರೆ ಕೊಯ್ದು, ಬೇರೆ ಬೇರೆ ಒಣಗಿಸಿ, ಬೇರೆ ಬೇರೆ ಮಾಗಿಸಿ, ಮತ್ತೆ ಕೂಡಿಸುವದೇ ಸಿಗಾರಿನ ವಿದ್ಯೆ. ಗಿಡವನ್ನು ಬುಡಸಹಿತ ಕೊಯ್ದು ರಾಶಿ ಹಾಕುವವನಿಗೆ ಈ ಪೇಟೆಯಲ್ಲಿ ಸ್ಥಾನವಿಲ್ಲ.

ಪೆಟ್ಟಿಗೆಯ ಮೇಲೆ ಈ ಸಿಗಾರು "ಮಧ್ಯಮದಿಂದ ಪೂರ್ಣ" ತರಗತಿಯದೆಂದು ಆಂಗ್ಲ ಭಾಷೆಯಲ್ಲಿ ಅಚ್ಚಾಗಿತ್ತು. ಇದರ ಅರ್ಥವನ್ನು ಹಲವರು ತಪ್ಪು ತಿಳಿಯುತ್ತಾರೆ. ಪೂರ್ಣವೆಂದರೆ ತಲೆ ತಿರುಗಿಸುವಷ್ಟು ಕಡಕೆಂದೂ, ಕಡಕಾದಷ್ಟು ಬೆಲೆ ಹೆಚ್ಚೆಂದೂ ಎಣಿಸುವದುಂಟು. ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ನಿಕೊಟಿನ್ ಎಂಬ ಸತ್ತ್ವದಿಂದ ಬರುವ ಕಡಕುತನವು ಒಂದು. ಬಾಯಿ ತುಂಬಿದಂತೆ ತೋರುವ ಹೊಗೆಯ ಮೈಗಟ್ಟು ಇನ್ನೊಂದು. ನೀರಾದ ಮಜ್ಜಿಗೆಗೂ ಕೆನೆಮೊಸರಿಗೂ ಹುಳಿಯು ಒಂದೇ ಇದ್ದರೂ ನಾಲಿಗೆಯ ಮೇಲೆ ಎರಡೂ ಒಂದೇ ಅಲ್ಲ. ಕುಂದಗೋಳದವರಿಗೆ ಮೆಣಸಿನಕಾಯಿಯ ಉದಾಹರಣೆಯೊಂದೇ ಸಾಕು. ಬ್ಯಾಡಗಿಯ ಡಬ್ಬಿ ಕಾಯಿಯಲ್ಲಿ ಖಾರವು ಅಲ್ಪ, ಗುಂಟೂರಿನದರಲ್ಲಿ ಬಹಳ; ಆದರೂ 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಕಾಯಿಯನ್ನು ಅದರ ಕೆಂಬಣ್ಣಕ್ಕಾಗಿಯೂ ಪರಿಮಳಕ್ಕಾಗಿಯೂ ಹುಡುಕಿಕೊಂಡು ಬರುತ್ತಾರೆ. ಖಾರವೇ ಬೆಲೆಯಲ್ಲ. ಅದರಂತೆ ಒಳ್ಳೇ ಮಧ್ಯಮ-ಪೂರ್ಣ ಸಿಗಾರಿನಲ್ಲಿ ಮೈಗಟ್ಟು ಹೆಚ್ಚಿದ್ದು ಕಡಕುತನವು ಅದರ ಹಿಂದೆ ನಿಂತಿರಬೇಕು. ಅಗ್ಗದ ಚುಟ್ಟಾದಲ್ಲಿ ಕಡಕುತನವು ಮುಂದೆ ಬಂದು ಬಾಗಿಲಲ್ಲಿಯೇ ಅಡ್ಡಗಟ್ಟುತ್ತದೆ.

ಪರೀಕ್ಷೆಯ ಕ್ರಮವು ಹೀಗೆ. ಮೊದಲು ಕಣ್ಣು ಮತ್ತು ಬೆರಳು. ಹೊದಿಕೆಯ ಬಣ್ಣವು ತುದಿಯಿಂದ ತುದಿಗೆ ಒಂದೇ ಸಮನಾಗಿರಬೇಕು, ಸ್ವಲ್ಪ ಜಿಡ್ಡಿನ ಹೊಳಪಿರಬೇಕು. ಮೆಲ್ಲಗೆ ಒತ್ತಿದರೆ ಸಿಗಾರು ಬಾಗಿ ಮತ್ತೆ ಸರಿಯಾಗಬೇಕು. ಚರಚರ ಸದ್ದಾದರೆ ಒಣಗಿದೆ, ಮೆತ್ತಗಾಗಿ ಕುಸಿದರೆ ನೆನೆದಿದೆ. ಗಾಳಿಯ ಆರ್ದ್ರತೆಯು ಶೇಕಡಾ 65ರಿಂದ 70ರ ವರೆಗೆ ಇರುವ ಪೆಟ್ಟಿಗೆಯಲ್ಲಿ ಇವನ್ನು ಇಡುವದು ರೂಢಿ. ನವಲಗುಂದದ ಚೈತ್ರ-ವೈಶಾಖಗಳ ಒಣಗಾಳಿಯಲ್ಲಿ ತೆರೆದಿಟ್ಟ ಸಿಗಾರು ಕೆಲವೇ ದಿವಸಗಳಲ್ಲಿ ಹಪ್ಪಳವಾಗುವದು. ಪೆಟ್ಟಿಗೆಯ ಮರವನ್ನು ಪಾಶ್ಚಾತ್ಯರು ಸೀಡರ್ ಎನ್ನುವರಾದರೂ ಅದು ದೇವದಾರುವಲ್ಲ. ನಮ್ಮ ಬೇವಿನ ಕುಲಕ್ಕೆ ಸೇರಿದ ಅಮೇರಿಕೆಯ ಮರವು. ಅದರ ಕಂಪು ಎಲೆಗೆ ಇಳಿಯುತ್ತದೆ. ಅಳತೆಯ ವಿಷಯದಲ್ಲಿ ಇಷ್ಟು ತಿಳಿದರೆ ಸಾಕು: ದಪ್ಪವನ್ನು ಇಂಚಿನ 64ನೆಯ ಪಾಲುಗಳಲ್ಲಿ ಎಣಿಸುತ್ತಾರೆ. ನಮ್ಮ ಮುಂದಿದ್ದದ್ದು 5 ಇಂಚು ಉದ್ದದ, 50ರ ದಪ್ಪದ, ರೊಬುಸ್ಟೊ ಎಂಬ ಆಕಾರದ್ದು. ಸುಮಾರು ಮುಕ್ಕಾಲು ತಾಸಿನಿಂದ ಒಂದು ತಾಸು ಉರಿಯುವದು.

ಬಳಿಕ ಹೊತ್ತಿಸದೆ ಮೂಸಬೇಕು. ಮೈಯ ವಾಸನೆ ಬೇರೆ, ಹೊತ್ತಿಸುವ ತುದಿಯ ವಾಸನೆ ಬೇರೆ. ಇದರಲ್ಲಿ ಹಳೇ ಕಣಜದ ಒಣಹುಲ್ಲು, ಹೊಸ ಚರ್ಮ, ಸ್ವಲ್ಪ ಕೊಬ್ಬರಿಬೆಲ್ಲ ಇವುಗಳ ನೆನಪಾಯಿತು. ಅಗ್ಗದ ಚುಟ್ಟಾದಲ್ಲಿ ಮೂಗಿಗೆ ಮೊದಲು ತಾಗಿದ್ದು ದನದ ಕೊಟ್ಟಿಗೆಯ ಗಂಜಳದ ಘಾಟು. ಇದನ್ನು ಮರೆಯಬಾರದು, ಇದರ ಕಾರಣವನ್ನು ಮುಂದೆ ಹೇಳುವೆನು. ತಲೆಯ ಟೊಪ್ಪಿಗೆಯನ್ನು ಮಾತ್ರ ಹರಿತವಾದ ಅಲಗಿನಿಂದ ತೆಗೆಯಬೇಕು. ಅದಕ್ಕಿಂತ ಕೆಳಗೆ ಕೊಯ್ದರೆ ಹೊದಿಕೆಯು ಬಿಚ್ಚಿಕೊಳ್ಳುವದು. ಹೊತ್ತಿಸುವ ಮುಂಚೆ ಒಮ್ಮೆ ಬರಿಗಾಳಿಯನ್ನು ಎಳೆದು ನೋಡತಕ್ಕದ್ದು. ಗಾಳಿಯು ಸರಾಗವಾಗಿಯೂ ಬರಬಾರದು, ಕಟ್ಟಿಯೂ ಹೋಗಬಾರದು. ಕಟ್ಟಿದರೆ ಸುತ್ತುವವನ ದೋಷ, ಒಕ್ಕಲಿಗನದಲ್ಲ. ಹೊತ್ತಿಸುವಾಗ ಕಡ್ಡಿಯ ಗಂಧಕವು ಉರಿದುಹೋಗುವ ವರೆಗೆ ತಡೆದು, ಜ್ವಾಲೆಯನ್ನು ಎಲೆಗೆ ಮುಟ್ಟಿಸದೆ, ರೊಟ್ಟಿಯನ್ನು ಕೆಂಡದ ಮೇಲೆ ತಿರುಗಿಸಿದಂತೆ ತುದಿಯನ್ನು ಸುತ್ತಲೂ ಕಾಯಿಸಬೇಕು. ಸೀಮೆಎಣ್ಣೆಯ ಬುಡ್ಡಿಯ ದೀಪವು ಸರ್ವಥಾ ಬೇಡ.

ಸಿಗಾರಿನ ಹೊಗೆಯನ್ನು ಎದೆಗೆ ಇಳಿಸುವದಿಲ್ಲ. ಬಾಯಲ್ಲಿಯೇ ತಿರುಗಿಸಿ ಬಿಡುವದು. ನಿಮಿಷಕ್ಕೊಂದು ಗುಟುಕು ಸಾಕು. ಅವಸರ ಮಾಡಿದರೆ ಎಲೆಯು ಬಿಸಿಯಾಗಿ ಎಂಥ ಒಳ್ಳೇ ಮಾಲಾದರೂ ಕಹಿಯಾಗುವದು, ಪರೀಕ್ಷೆಯು ಕೆಡುವದು. ನಾಲ್ಕಾರು ಗುಟುಕುಗಳಿಗೊಮ್ಮೆ ಬಾಯಲ್ಲಿರುವ ಹೊಗೆಯ ಸ್ವಲ್ಪ ಭಾಗವನ್ನು ಮೂಗಿನಿಂದ ಹೊರಬಿಟ್ಟರೆ, ನಾಲಿಗೆಯು ಹೇಳದ್ದನ್ನು ಮೂಗು ಹೇಳುತ್ತದೆ. ಪರೀಕ್ಷಕರು ಸಿಗಾರನ್ನು ಮೂರು ಪಾಲುಗಳಾಗಿ ಎಣಿಸುತ್ತಾರೆ. ಸವಾಯಿ ಗಂಧರ್ವರ ಊರಿನವರಿಗೆ ಇದನ್ನು ವಿವರಿಸುವದು ಕಷ್ಟವಲ್ಲ: ವಿಲಂಬಿತದಲ್ಲಿ ಮೆಲ್ಲಗೆ ಬಿಚ್ಚಿಕೊಂಡ ರಾಗವು ದ್ರುತಕ್ಕೆ ಬರುವ ಹೊತ್ತಿಗೆ ಬೇರೆ ಮುಖವನ್ನು ತೋರಿಸಿದರೂ ರಾಗವು ಅದೇ ಆಗಿರಬೇಕಷ್ಟೆ. ನಮ್ಮ ಸಿಗಾರು ಮೊದಲನೆಯ ಪಾಲಿನಲ್ಲಿ ಕರಿಮೆಣಸಿನ ಚುರುಕನ್ನೂ ಅದರ ಹಿಂದೆಯೇ ಹುರಿದ ಕಡಲೆಯ ಪರಿಮಳವನ್ನೂ ಕೊಟ್ಟಿತು. ಎರಡನೆಯ ಪಾಲಿನಲ್ಲಿ ಚುರುಕು ಇಳಿದು ಹೊಗೆಯು ದುಂಡಗಾಯಿತು. ಪೇಢೆಗಾಗಿ ಖೋವೆಯನ್ನು ಕಾಯಿಸುವಾಗ ಕಡಾಯಿಯ ತಳದಲ್ಲಿ ಹತ್ತುವ ಕೆನೆಯ ಸವಿ, ಕಾಫಿಪುಡಿಯ ಸಣ್ಣ ಕಹಿ. ಸಿಗಾರಿನ ನಿಜವಾದ ಬೆಲೆಯಿರುವದು ಈ ನಡುವಿನ ಪಾಲಿನಲ್ಲಿ ಎಂಬುದು ನನ್ನ ಮತ. ಕೊನೆಯ ಪಾಲಿನಲ್ಲಿ ಕಡಕುತನವು ಏರಿತು. ಸುಟ್ಟ ಎಲೆಯ ರಸವೆಲ್ಲ ಕೆಳಗಿಳಿದು ಅಲ್ಲಿ ಕೂಡುವದರಿಂದ ಇದು ಸ್ವಾಭಾವಿಕವು. ಬೆರಳಿಗೆ ಬಿಸಿ ತಟ್ಟಿದಾಗ ಕೆಳಗಿಟ್ಟೆವು. ಅದನ್ನು ಒತ್ತಿ ಆರಿಸಬಾರದು, ತಾನೇ ಆರುವದು. ಊಟವಾದ ಮೇಲೆ ಪರೀಕ್ಷಿಸಿದ್ದರಿಂದ ನನಗೆ ತಲೆ ತಿರುಗಲಿಲ್ಲ. ಯಜಮಾನರು ಮಾತ್ರ ಎರಡು ಲೋಟ ನೀರು ಕುಡಿದು ಸ್ವಲ್ಪ ಹೊತ್ತು ಕಂಬಕ್ಕೆ ಒರಗಿದರು.

ಇನ್ನು ಬೂದಿ. ಒಕ್ಕಲಿಗನು ಎಲ್ಲಕ್ಕಿಂತ ಹೆಚ್ಚು ಲಕ್ಷ್ಯ ಕೊಡಬೇಕಾದದ್ದು ಇದಕ್ಕೆ, ಯಾಕೆಂದರೆ ಬೂದಿಯು ಹೊಲದ ಸಾಕ್ಷಿಯು. ಆ ಸಿಗಾರಿನ ಬೂದಿಯು ತಿಳಿಬೂದು ಬಣ್ಣದ್ದಾಗಿ ಒಂದು ಇಂಚಿನ ವರೆಗೂ ಬೀಳದೆ ನಿಂತಿತು, ಉರಿಯು ಸುತ್ತಲೂ ಸಮನಾಗಿ ಇಳಿಯಿತು. ಚುಟ್ಟಾದ ಬೂದಿಯು ಕಪ್ಪಾಗಿ ಹೊಟ್ಟಿನಂತೆ ಉದುರಿತು, ಮೂರು ಸಲ ಆರಿತು. ಬೂದಿಯಿಂದ ಊರನ್ನು ಹೇಳುವದು ಕಟ್ಟುಕತೆಯೇನೂ ಅಲ್ಲ. ಕಾನನ್ ಡಾಯ್ಲ್ ಎಂಬ ಬ್ರಿಟಿಷ್ ಗ್ರಂಥಕಾರನು 1887ರಲ್ಲಿ ಪ್ರಕಟಿಸಿದ ಷರ್ಲಾಕ್ ಹೋಮ್ಸನ ಮೊದಲ ಕಾದಂಬರಿಯಲ್ಲಿ ಪತ್ತೇದಾರನು ಕಪ್ಪಾದ, ಪದರು ಪದರಾದ ಬೂದಿಯನ್ನು ಕಂಡು ಅದು ತಿರುಚಿನಾಪಳ್ಳಿಯ ಚುಟ್ಟಾದ್ದೆಂದು ನಿಶ್ಚಯಿಸುತ್ತಾನೆ. ಕತೆಯೇ ಆದರೂ ಅದರ ಬುಡದಲ್ಲಿ ರಸಾಯನಶಾಸ್ತ್ರದ ಸತ್ಯವಿದೆ. ಎಲೆಯಲ್ಲಿ ಪೊಟ್ಯಾಶ್ ಸಾಕಷ್ಟಿದ್ದರೆ ಕೆಂಡವು ಆರದೆ ಹಿಡಿದು ಬೂದಿಯು ಬೆಳ್ಳಗಾಗುವದು. ಮಣ್ಣಿನಿಂದಲೋ ನೀರಿನಿಂದಲೋ ಕ್ಲೋರಿನ್ ಹೆಚ್ಚಾಗಿ ಸೇರಿ, ಎಲೆಯ ತೂಕದಲ್ಲಿ ಶೇಕಡಾ 2ನ್ನು ಮೀರಿದರೆ ಎಲೆಯು ಸದಾ ತೇವವನ್ನು ಹೀರಿಕೊಂಡು ಕೆಂಡವನ್ನು ಆರಿಸುತ್ತದೆ. ಜಗಿಯುವ ತಂಬಾಕಿಗೆ ಸವಳುನೀರು ಅಷ್ಟು ಬಾಧಕವಲ್ಲ. ಸುಡುವ ತಂಬಾಕಿಗೆ ಅದು ಮೃತ್ಯು. ಆದ್ದರಿಂದಲೇ ಸೇದುವ ತಂಬಾಕಿಗೆ ಮ್ಯೂರಿಯೇಟ್ ಆಫ್ ಪೊಟ್ಯಾಶ್ ಗೊಬ್ಬರವನ್ನು ಹಾಕತಕ್ಕದ್ದಲ್ಲ, ಸಲ್ಫೇಟನ್ನೇ ಹಾಕತಕ್ಕದ್ದು.

ಈಗ ನವಲಗುಂದದ ಭಾವಿಗಳನ್ನು ನೆನೆಯಿರಿ. ಅಲ್ಲಿಯ ಎಷ್ಟೋ ಭಾವಿಗಳ ನೀರು ಎತ್ತಿಗೂ ಸೇರದಷ್ಟು ಉಪ್ಪು. ಮಲಪ್ರಭಾ ಕಾಲುವೆಯು ಬಂದ ಮೇಲೆ ತಗ್ಗಿನ ಎರೆಗಳಲ್ಲಿ ನೀರು ನಿಂತು ಸವಳು ಮೇಲೆದ್ದದ್ದನ್ನೂ ನೀವೇ ಕಂಡಿದ್ದೀರಿ. ಎರೆಯಲ್ಲಿ ತಂಬಾಕು ಬಾರದೆಂದು ನಾನು ಹೇಳುವದಿಲ್ಲ. ಆಂಧ್ರದ ಎರೆಯಲ್ಲಿ ಸಿಗರೇಟಿನ ತಂಬಾಕನ್ನು ಬೆಳೆದದ್ದುಂಟು. ಆದರೆ ನಮ್ಮ ಆಳವಾದ ಎರೆಯಲ್ಲಿ ಎಲೆಯು ದಪ್ಪವಾಗಿ, ಒರಟಾಗಿ ಬರುವದು; ಹೊದಿಕೆಗೆ ಬೇಕಾದ ರೇಶಿಮೆಯಂಥ ಎಲೆಯು ಬಾರದು. ಹೊದಿಕೆಯ ತಂಬಾಕನ್ನು ಕನೆಕ್ಟಿಕಟ್ ಸೀಮೆಯಲ್ಲಿ ಅರಿವೆಯ ಚಪ್ಪರದ ಕೆಳಗೆ ಬೆಳೆಯುತ್ತಾರೆ. ಎಕ್ವಡಾರ್ ದೇಶದಲ್ಲಿ ಮೋಡವೇ ಚಪ್ಪರವು. ನಮ್ಮ ಹಿಂಗಾರಿಯ ಮೂಡಣಗಾಳಿಯು ಅಂಥ ಎಲೆಯನ್ನು ಒಂದೇ ವಾರದಲ್ಲಿ ಹರಿದು ಹಾಕುವದು. ಮಲೆನಾಡಿನ ಸೆರಗಾದ ಕಲಘಟಗಿಯ ಮಸಾರಿಯಲ್ಲಿ ಮಣ್ಣು ಹಗುರ, ಗಾಳಿಯಲ್ಲಿ ತೇವವೂ ಹೆಚ್ಚು. ಯಾರಿಗಾದರೂ ಕುತೂಹಲವು ತಡೆಯಲಾರದಷ್ಟಿದ್ದರೆ ಅಲ್ಲಿ ಒಂದು ಗುಂಟೆಯಲ್ಲಿ ನೋಡಬಹುದು. ಒಂದು ಗುಂಟೆಯೆಂದೆನು, ಒಂದು ಎಕರೆಯೆನ್ನಲಿಲ್ಲ.

ಹೊಲವು ಒಪ್ಪಿದರೂ ಕೆಲಸದ ಅರ್ಧವು ಮಾತ್ರ ಮುಗಿದಂತಾಯಿತು. ಉಳಿದರ್ಧವು ಒಣಗಿಸುವ ಮನೆಯಲ್ಲಿಯೂ ರಾಶಿಯಲ್ಲಿಯೂ ಇರುವದು. ಸಿಗಾರಿನ ಎಲೆಯನ್ನು ಬಿಸಿಲಿನಲ್ಲಿ ಹರವುವದಿಲ್ಲ, ಬೆಂಕಿಯಲ್ಲಿ ಕಾಯಿಸುವದಿಲ್ಲ. ದಾರಕ್ಕೆ ಪೋಣಿಸಿ, ಗಾಳಿಯಾಡುವ ನೆರಳಿನ ಮನೆಯಲ್ಲಿ ತೂಗಹಾಕಿ, ಕಿಟಕಿಗಳನ್ನು ಹವೆಯನ್ನು ನೋಡಿ ತೆರೆಯುತ್ತ ಮುಚ್ಚುತ್ತ, ಆರೆಂಟು ವಾರ ಕಾಯಬೇಕು. ಹಸಿರು ಹಳದಿಯಾಗಿ, ಹಳದಿಯು ಕಂದಾಗಬೇಕು. ಅವಸರದಿಂದ ಒಣಗಿದರೆ ಹಸಿರು ಎಲೆಯಲ್ಲಿಯೇ ನಿಂತು ಹೊಗೆಯು ಒಗರಾಗುವದು. ಆ ಬಳಿಕ ಎಲೆಗೆ ಹದವಾದ ತೇವವನ್ನು ಕೊಟ್ಟು ಆಳೆತ್ತರದ ರಾಶಿ ಹಾಕುತ್ತಾರೆ. ಹಸಿ ಹುಲ್ಲಿನ ಬಣವೆಯು ಒಳಗೊಳಗೇ ಬಿಸಿಯಾಗುವಂತೆ ರಾಶಿಯು 45ರಿಂದ 50 ಡಿಗ್ರಿ ಸೆಂಟಿಗ್ರೇಡಿನ ವರೆಗೆ ಕಾಯುವದು. ನಡುವೆ ಉಷ್ಣಮಾಪಕವನ್ನು ಇಟ್ಟು ನೋಡುತ್ತ, ಮಿತಿಗೆ ಬಂದೊಡನೆ ರಾಶಿಯನ್ನು ಒಡೆದು, ಹೊರಗಿನದನ್ನು ಒಳಕ್ಕೂ ಒಳಗಿನದನ್ನು ಹೊರಕ್ಕೂ ಹಾಕಿ ಮತ್ತೆ ಕಟ್ಟುತ್ತಾರೆ. ಹೀಗೆ ಹಲವು ಸಲ, ತಿಂಗಳುಗಟ್ಟಲೆ. ಈ ಮಾಗುವಿಕೆಯಲ್ಲಿ ಎಲೆಯೊಳಗಿನ ಅಮೋನಿಯವು ಹಾರಿಹೋಗಿ, ಒರಟುತನವು ಇಳಿದು, ಪರಿಮಳವು ಕೂಡುತ್ತದೆ. ಅಗ್ಗದ ಚುಟ್ಟಾದಲ್ಲಿ ನಮಗೆ ತಾಗಿದ ಗಂಜಳದ ಘಾಟು ಇದೇ ಅಮೋನಿಯವು: ರಾಶಿಯನ್ನು ಬೇಗನೆ ಒಡೆದು ಮಾರಿದವನ ಸಹಿ. ಯೂರಿಯವನ್ನು ಕೈತುಂಬ ಎರಚಿದ ಹೊಲದ ಎಲೆಯಲ್ಲಿ ಈ ದೋಷವು ಇನ್ನೂ ಹೆಚ್ಚು. ಮಾಗಿದ ಎಲೆಯನ್ನು ಮೂಟೆ ಕಟ್ಟಿ ಮತ್ತೆ ಒಂದೆರಡು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಇಡುವದುಂಟು. ಆ ಪೆಟ್ಟಿಗೆಯ ಬೆಲೆಯಲ್ಲಿ ಈ ಕಾಯುವಿಕೆಯ ಬಡ್ಡಿಯೂ ಸೇರಿದೆ. ನಮ್ಮ ಹಿಡುವಳಿದಾರನ ಸಾಲದ ಬಡ್ಡಿಯಾದರೋ ಎಲೆಯು ಮಾಗುವ ವರೆಗೆ ತಡೆಯುವದಿಲ್ಲ.

ಪೇಟೆಯ ಮಾತನ್ನೂ ಹೇಳಬೇಕು. ಕರ್ನಾಟಕದಲ್ಲಿ ತಂಬಾಕಿಗೆ ಎರಡು ನೆಲೆಗಳು ಪ್ರಸಿದ್ಧ. ನಿಪ್ಪಾಣಿಯ ಸೀಮೆಯದು ಬೀಡಿಯ ತಂಬಾಕು. ಹುಣಸೂರು, ಪಿರಿಯಾಪಟ್ಟಣಗಳದು ಬಿಸಿಗಾಳಿಯ ಮನೆಯಲ್ಲಿ ಹದಮಾಡಿದ ಸಿಗರೇಟಿನ ವರ್ಜೀನಿಯಾ ತಂಬಾಕು. ಇದನ್ನು ಬೆಳೆಯಲು 1975ರ ಕಾಯದೆಯಂತೆ ತಂಬಾಕು ಮಂಡಳಿಯಲ್ಲಿ ಹೆಸರು ನೋಂದಿಸಬೇಕು, ಮಾರಾಟವು ಹರಾಜುಕಟ್ಟೆಯಲ್ಲಿ. ಸಿಗಾರು-ಚುಟ್ಟಾಗಳ ಎಲೆಯ ಸೀಮೆಯು ತಮಿಳುನಾಡಿನ ದಿಂಡಿಗಲ್ಲು. ಮದರಾಸಿನ ಸ್ಪೆನ್ಸರ್ ಕಂಪನಿಯ ಸಿಗಾರಿನ ಕಾರಖಾನೆಯು ಅಲ್ಲಿತ್ತು, 1947ರಲ್ಲಿ ರಾಜಮಹೇಂದ್ರಿಯಲ್ಲಿ ಸ್ಥಾಪಿತವಾದ ತಂಬಾಕು ಸಂಶೋಧನಾ ಸಂಸ್ಥೆಯು ಈ ಎಲೆಯ ಅಭ್ಯಾಸಕ್ಕಾಗಿ ಅದರ ಹತ್ತಿರದ ವೇಡಸಂದೂರಿನಲ್ಲಿ ಕೇಂದ್ರವನ್ನು ನಡೆಸಿತು. ಹುಬ್ಬಳ್ಳಿಯ ಅಮರಗೋಳ ಪೇಟೆಯಲ್ಲಿ ಸಿಗಾರಿನ ಎಲೆಗೆ ಬೆಲೆ ಕೂಗಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಒಬ್ಬನೇ ಕೊಳ್ಳುವವನಿರುವ ಮಾಲಿಗೆ ಅವನು ಹೇಳಿದ್ದೇ ಬೆಲೆ. ತಲೆತಲಾಂತರದಿಂದ ಬೆಳೆದು, ಪೇಟೆಯನ್ನು ಬಾಗಿಲಲ್ಲಿಯೇ ಇಟ್ಟುಕೊಂಡಿದ್ದ ನಿಪ್ಪಾಣಿಯ ಬೆಳೆಗಾರರೇ ವ್ಯಾಪಾರಿಗಳ ಬೆಲೆಗೆ ಬೇಸತ್ತು 1981ರಲ್ಲಿ ಹೆದ್ದಾರಿಯಲ್ಲಿ ಕುಳಿತರು. ಗೋಳಿಬಾರಾಗಿ ರೈತರು ಪ್ರಾಣ ಕಳಕೊಂಡರು. ಅಂಥಲ್ಲಿ ಹೊಸಬನು ಒಬ್ಬ ದಲಾಲಿಯ ಮಾತನ್ನು ನಂಬಿ ಮುಂಗಡವನ್ನು ತಾನೇ ಕೊಡುವದು ಎಂಥ ವ್ಯವಹಾರ? ಮುಂಗಡವನ್ನು ಕೊಳ್ಳುವವನು ಕೊಡತಕ್ಕದ್ದು, ಬೆಳೆಯುವವನಲ್ಲ. ಗೌಡರು ತಮ್ಮ ಊರಿನಲ್ಲಿ ಇಂಥ ಒಪ್ಪಂದಗಳಿಗೆ ಸಾಕ್ಷಿ ಹಾಕುವ ಮುಂಚೆ ಕಾಗದವನ್ನು ಓದಿಸಿ ಕೇಳಬೇಕು.

ದೇಹದ ಮೇಲಿನ ಪರಿಣಾಮವನ್ನು ಬಿಟ್ಟರೆ ಪರೀಕ್ಷೆಯು ಅರ್ಧವಾದೀತು. ಎದೆಗೆ ಇಳಿಸದ ಹೊಗೆಯು ನಿರಪಾಯವೆಂಬ ನಂಬುಗೆಯುಂಟು, ಅದು ತಪ್ಪು. ಸಿಗಾರಿನ ಹೊಗೆಯು ಕ್ಷಾರಗುಣದ್ದಾದ್ದರಿಂದ ನಿಕೊಟಿನ್ ಬಾಯಿಯ ತೊಗಲಿನಿಂದಲೇ ರಕ್ತಕ್ಕೆ ಸೇರುತ್ತದೆ. ಯಜಮಾನರು ಕಂಬಕ್ಕೆ ಒರಗಿದ್ದು ಇದರಿಂದಲೇ. ಸಿಗರೇಟಿನಲ್ಲಿ ಒಂದು ಗ್ರಾಮಿಗಿಂತ ಕಡಿಮೆ ತಂಬಾಕಿದ್ದರೆ ದೊಡ್ಡ ಸಿಗಾರಿನಲ್ಲಿ 5ರಿಂದ 20 ಗ್ರಾಮಿನ ವರೆಗೂ ಇರಬಹುದು. ಬಾಯಿ, ಗಂಟಲು, ಅನ್ನನಾಳಗಳ ಅರ್ಬುದವು ಸಿಗಾರಿನಿಂದಲೂ ಬರುವದು. ಬೆಲೆ ಹೆಚ್ಚಾದ ಎಲೆಗೂ ಇದರಿಂದ ವಿನಾಯಿತಿಯಿಲ್ಲ. ಸೇದದವರಿಗೂ ಅಪಾಯವುಂಟು. ಇಬ್ಬನಿಯಿಂದ ಒದ್ದೆಯಾದ ಹಸಿ ತಂಬಾಕನ್ನು ಬರಿಗೈಯಿಂದ ಕೊಯ್ಯುವ ಹೆಣ್ಣಾಳುಗಳಿಗೂ ಮಕ್ಕಳಿಗೂ ನಿಕೊಟಿನ್ ತೊಗಲಿನಿಂದ ಇಳಿದು ವಾಂತಿ, ತಲೆಸುತ್ತುಗಳಾಗುವವು. ಆಳಿಗೆ ಪಿತ್ತವಾಗಿದೆಯೆಂದು ಹೇಳಿ ಬಿಡುವ ಮಾಲಕರನ್ನು ನಾನು ಕಂಡಿದ್ದೇನೆ.

ಆ ಪೆಟ್ಟಿಗೆಯಲ್ಲಿ ಒಂದು ಸಿಗಾರಿನ ಹೊದಿಕೆಯ ಮೇಲೆ ಸೂಜಿ ಚುಚ್ಚಿದಂಥ ಎರಡು ತೂತುಗಳಿದ್ದವು. ಇದು ತಂಬಾಕಿನ ದುಂಬಿಯ ಕೆಲಸ. ಎಳ್ಳಿಗಿಂತ ಸ್ವಲ್ಪ ದೊಡ್ಡದಾದ ಈ ಕಂದು ಹುಳವು ಸಂಗ್ರಹಿಸಿಟ್ಟ ಮೆಣಸಿನಕಾಯಿಗೂ ಕೊತ್ತಂಬರಿ ಬೀಜಕ್ಕೂ ಬೀಳುವಂಥದೇ. ಅಂಥ ಪೆಟ್ಟಿಗೆಯನ್ನು ಕಾಯಿಯ ಕೋಣೆಯಲ್ಲಿ ಇಡಬಾರದೆಂದು ಹೇಳಿ, ಅದನ್ನು ಅಂದೇ ಬೇರೆ ಕಡೆಗೆ ಸಾಗಿಸಿದೆವು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವು. ತಂಬಾಕು, ಮೆಣಸಿನ ಗಿಡ, ಬದನೆ, ಟೊಮೆಟೊ ಇವೆಲ್ಲ ಒಂದೇ ಕುಲದವು. ಒಂದರ ಹುಳವೂ ರೋಗವೂ ಇನ್ನೊಂದಕ್ಕೆ ದಾಟುವವು. ತಂಬಾಕಿನ ಮಚ್ಚೆರೋಗದ ವಿಷಾಣುವು ಒಣಗಿದ ಎಲೆಯಲ್ಲಿಯೂ ವರ್ಷಗಟ್ಟಲೆ ಜೀವ ಹಿಡಿದಿರುವದು. ಸಿಗಾರು, ಬೀಡಿ, ಜಗಿಯುವ ಎಲೆ ಯಾವುದನ್ನೇ ಮುಟ್ಟಿದ ಬೆರಳಿನಿಂದ ಸಸಿಮಡಿಯಲ್ಲಿ ಮೆಣಸಿನ ಸಸಿಯನ್ನು ಕಿತ್ತರೆ ಮುರಿದ ಕೂದಲುಗಳ ಗಾಯದಿಂದ ರೋಗವು ಒಳಹೊಗುವದು. ಯಜಮಾನರ ಸಸಿಮಡಿಯು ಅಂಗಳದಿಂದ ಇಪ್ಪತ್ತು ಹೆಜ್ಜೆಯಲ್ಲಿತ್ತು. ಸಸಿಗಳು ಹೇಗಿವೆ ನೋಡೋಣ ಬನ್ನಿರೆಂದು ಅವರು ಎದ್ದಾಗ ನಾನು ತಡೆದು, ಮೊದಲು ಸಾಬೂನು ಹಚ್ಚಿ ಇಬ್ಬರೂ ಮೊಣಕೈಯ ವರೆಗೆ ತೊಳೆದುಕೊಂಡೆವು. ಕೆನೆ ತೆಗೆದ ಹಾಲಿನಲ್ಲಿ ಬೆರಳುಗಳನ್ನು ಅದ್ದಿಕೊಳ್ಳುವದು ಇನ್ನೂ ಉತ್ತಮವೆಂದು ಹೇಳಲು ಅವರ ಮನೆಯವರು ಒಂದು ಬಟ್ಟಲನ್ನು ತಂದಿಟ್ಟರು. ಸಸಿ ಹಚ್ಚುವ ಆಳುಗಳಿಗೂ ಇದೇ ನಿಯಮವನ್ನು ಹಾಕಿಕೊಡಬೇಕು, ಮಡಿಗೆ ಇಳಿಯುವ ದಿವಸ ಬೀಡಿಯನ್ನೂ ಚೀಲದ ತಂಬಾಕನ್ನೂ ಬದುವಿನ ಆಚೆಗೇ ಇಡಿಸಬೇಕು.